ಶುಕ್ರವಾರ ಹೊಸ್ತಿಲು ದಾಟಿದ ಲಕ್ಷ್ಮಿಯ ಕಥೆ

ಅಕ್ಷತೆ ಕೈಗೆ ತೆಗೆದುಕೊಳ್ಳಿ, ಕಾಲು ಮಡಿಸಿ ಕೂತುಕೊಳ್ಳಿ, ಅಡುಗೆಮನೆಯ ಮಾತು ಅಡುಗೆಮನೆಯಲ್ಲೇ ಇರಲಿ. ಋಣಹಾರಿಣಿ ಲಕ್ಷ್ಮಿಯ ಕಥೆಯನ್ನು ಅರ್ಧ ಕಿವಿಯಿಂದ ಕೇಳಿದವರಿಗೆ ಅರ್ಧವೇ ಫಲ.

ಕದಳೀಪುರವೆಂಬ ಪೇಟೆಯಲ್ಲಿ ಗುರುಮಲ್ಲಪ್ಪನೆಂಬ ಹಿಟ್ಟಿನ ಗಿರಣಿಯವನೂ ಅವನ ಹೆಂಡತಿ ವರದಮ್ಮನೂ ಬಾಡಿಗೆ ಮನೆಯಲ್ಲಿ ವಾಸವಾಗಿದ್ದರು. ಮುಂದಿನ ಅಂಕಣದಲ್ಲಿ ಗಿರಣಿ, ಹಿಂದೆ ಸಂಸಾರ. ಗಂಡನು ಬೆಳಗಿನಿಂದ ಸಂಜೆಯವರೆಗೆ ಹಿಟ್ಟಿನಲ್ಲಿ ಮುಳುಗಿ ದುಡಿದು, ದುಡಿದದ್ದನ್ನು ಹೆಂಡತಿಯ ಕೈಗೆ ಹಾಕಿ ಮರೆಯುತ್ತಿದ್ದನು. ವರದಮ್ಮ ಬಲು ಆಚಾರವಂತೆ. ಮಂಗಳವಾರ ಶುಕ್ರವಾರ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು, ಕಾಸು ಯಾವುದನ್ನೂ ಹೊಸ್ತಿಲಾಚೆ ಕಳಿಸಳು. ಲಕ್ಷ್ಮಿಯೂ ಜೊತೆಗೇ ಹೊರಟುಬಿಟ್ಟಾಳೆಂಬ ಭಯ ಅವಳಿಗೆ.

ಹೀಗಿರಲು ಮನೆಯ ಒಡತಿ ಚಂಪಕಮ್ಮನು ಮನೆ ಮಾರಲು ಮನಸ್ಸು ಮಾಡಿ, ಮೊದಲು ನಿಮ್ಮನ್ನೇ ಕೇಳುತ್ತೇನೆ, ಬರುವ ವರ್ಷದ ಶ್ರಾವಣದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಳು. ಮನೆ ಹೋದರೆ ಗಿರಣಿಯೂ ಹೋಗುವುದು, ಗಿರಣಿ ಹೋದರೆ ಅನ್ನವೂ ಹೋಗುವುದು ಎಂದು ಬಗೆದು, ದಂಪತಿಗಳು ಇದ್ದಬದ್ದ ಉಳಿತಾಯವನ್ನು ಗಂಟು ಕಟ್ಟಿಕೊಂಡು ಮನೆಸಾಲ ಬೇಡಲು ಹೊರಟರು.

ಒಂದು ಬ್ಯಾಂಕಿನಲ್ಲಿ ಕಂಪ್ಯೂಟರು ನೋಡಿ, ಹಳೆಯ ಸಾಲ ಬಾಕಿ ಉಳಿಸಿದ್ದೀರಿ, ಮುಂಗಡವೂ ಸಾಲದು, ಆಗದು ಎಂದರು. ಇನ್ನೊಂದಕ್ಕೆ ಹೋದರೆ ಅಲ್ಲಿಯೂ ಅದೇ ಮಂತ್ರ. ವರದಮ್ಮನಿಗೆ ಸಾಲ ಸಿಗದ ದುಃಖಕ್ಕಿಂತ ಇವರಿಗೆಲ್ಲ ಹೇಳಿದವರು ಯಾರೆಂಬ ಕುತೂಹಲವೇ ದೊಡ್ಡದಾಯಿತು. ಪಕ್ಕದ ಮನೆಯವಳೋ? ನಾದಿನಿಯೋ? ಮತ್ತೊಂದು ಬ್ಯಾಂಕಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟಳು. ಅಲ್ಲಿಯ ಮೇನೇಜರು ಸರೋಜಿನಿಯೆಂಬ ಹೆಣ್ಣುಮಗಳು. ಯಾರೂ ಹೇಳಬೇಕಿಲ್ಲ ತಾಯಿ, ಒಂದು ಕಡೆ ತಪ್ಪಿದ ಕಂತು ಎಲ್ಲ ಕಡೆಯೂ ಕಾಣುತ್ತದೆ, ಗಿರಣಿಗೆಂದು ಸೊಸೈಟಿಯಲ್ಲಿ ತೆಗೆದ ಸಾಲ ಅರ್ಧಕ್ಕೇ ನಿಂತಿದೆ ಎಂದು ಅವಳು ತಿಳಿಸಿದಳು. ಗುರುಮಲ್ಲಪ್ಪ ಬಾಯಿ ಬಿಟ್ಟುಕೊಂಡು ಹೆಂಡತಿಯ ಮುಖ ನೋಡಿದನು. ಆ ಸಾಲ ಎಂದೋ ತೀರಿತೆಂದು ನಂಬಿದ್ದ ಬಡಪಾಯಿ ಅವನು.

ಆದದ್ದೇನೆಂದರೆ, ಸೊಸೈಟಿಯ ವಸೂಲಿಯವನು ಸಂತೆಯ ದಿನವಾದ ಶುಕ್ರವಾರ ಸಂಜೆಯೇ ಬರುತ್ತಿದ್ದನು. ವರದಮ್ಮ ಉರಿಯುವ ದೀಪ ತೋರಿಸಿ, ನಾಳೆ ಬಾರಪ್ಪ ಎನ್ನುತ್ತಿದ್ದಳು. ನಾಳೆ ಅವನಿಗೆ ಬೇರೆ ಊರಿನ ಸಂತೆ. ಹಾಗೆ ಕೊಡದೆ ಉಳಿದ ಕಂತಿನ ಹಣ ಒಮ್ಮೆ ಸೀರೆಯಾಗಿ, ಒಮ್ಮೆ ಹೋಳಿಗೆಯಾಗಿ ಕರಗಿತು. ಅವನು ಬಂದು ಬಂದು ಸಾಕಾಗಿ ನಿಲ್ಲಿಸಿದನು, ಇವಳು ಅಲ್ಲಿಗೆ ಮುಗಿಯಿತೆಂದುಕೊಂಡಳು. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಅನ್ನುತ್ತಾರಲ್ಲ, ಅಷ್ಟು ಕೆಟ್ಟವಳಲ್ಲ ನಮ್ಮ ವರದಮ್ಮ. ಆಚಾರವನ್ನೇ ತಲೆಕೆಳಗಾಗಿ ಹಿಡಿದಳು, ಅಷ್ಟೆ.

ಗಂಡ ಬೈಯಲಿಲ್ಲ, ಅನ್ನ ಬಿಟ್ಟು ಮಲಗಿದನು. ಬೈದಿದ್ದರೇ ಚೆನ್ನಾಗಿತ್ತೆಂದು ಅವಳು ಅತ್ತಳು.

ಮುಂದಿನ ಶುಕ್ರವಾರ ದೀಪ ಹಚ್ಚಿದ ಹೊತ್ತಿಗೆ ಮಹಾಲಕ್ಷ್ಮಿಯು ಮುದಿ ಮುತ್ತೈದೆಯ ರೂಪದಲ್ಲಿ ಬಂದು, ಬೆಳಿಗ್ಗೆ ಬೀಸಲು ಕೊಟ್ಟಿದ್ದ ಗೋಧಿಯ ಹಿಟ್ಟನ್ನು ಕೇಳಿದಳು. ವರದಮ್ಮ ಎಂದಿನಂತೆ, ದೀಪ ಹಚ್ಚಿಯಾಯಿತು ಅಜ್ಜಿ, ಈಗ ಲಕ್ಷ್ಮಿಯನ್ನು ಹೊರಗೆ ಕಳಿಸಲಾರೆ ಎಂದಳು. ಮುದುಕಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ಹಿಟ್ಟು ನನ್ನದು ಮಗಳೇ. ನಿನ್ನ ಮನೆಯ ಲಕ್ಷ್ಮಿ ಅದು ಹೇಗಾದೀತು?"

ಬರಿಗೈಯಲ್ಲಿ ತಿರುಗಿ ಹೋಗುತ್ತಿದ್ದ ವಸೂಲಿಯವನು ವರದಮ್ಮನ ಕಣ್ಣಮುಂದೆ ಬಂದನು. ಹಿಟ್ಟಿನ ಡಬ್ಬ ತಂದುಕೊಟ್ಟು, ತಪ್ಪಿದವಳಿಗೆ ದಾರಿಯೇನೆಂದು ಕೇಳಿದಳು. ಕೊಡಬೇಕಾದ್ದನ್ನು ಕೊಟ್ಟು ಆಮೇಲೆ ದೀಪ ಹಚ್ಚು, ಬೇಡುವ ಮೊದಲು ತಪ್ಪನ್ನು ನೀನೇ ಹೇಳು, ಕೈಗೆಟುಕುವಷ್ಟನ್ನೇ ಬಯಸು ಎಂದು ವ್ರತದ ಕ್ರಮ ತಿಳಿಸಿ ಮುದುಕಿ ಹೊರಟಳು. ಯಾರ ಮನೆಯವಳೆಂದು ಪೇಟೆಯಲ್ಲೆಲ್ಲ ವಿಚಾರಿಸಿದರೂ ತಿಳಿಯಲಿಲ್ಲ.

ಅಂದಿನಿಂದ ಶುಕ್ರವಾರ ದೀಪಕ್ಕೆ ಮುಂಚೆ ವರದಮ್ಮ ತಾನೇ ಸೊಸೈಟಿಗೆ ನಡೆದುಹೋಗಿ ಬಾಕಿ ಕಟ್ಟತೊಡಗಿದಳು. ಉಳಿತಾಯದ ಗಂಟೂ ಅದಕ್ಕೇ ಕರಗಿತು. ಸಾಲ ತೀರಿದ ಪತ್ರ ಬಂತು. ಮತ್ತೆ ತಿಂಗಳು ತಿಂಗಳೂ ಕೂಡಿಟ್ಟರೂ ಮುಂಗಡ ಮೊದಲಿಗಿಂತ ಕಡಿಮೆಯೇ. ಶ್ರಾವಣ ಹತ್ತಿರ ಬರಲು ಅವಳು ಚಂಪಕಮ್ಮನ ಕೈಹಿಡಿದು, ಹಿತ್ತಲು ನಿಮಗೇ ಇರಲಿ, ಮನೆಯಷ್ಟನ್ನೇ ಕೊಡಿ ಎಂದು ಬೇಡಿದಳು. ಚಂಪಕಮ್ಮ ಒಪ್ಪಿ ಬೆಲೆ ಇಳಿಸಿದಳು. ಆಮೇಲೆ ವರದಮ್ಮ ಬ್ಯಾಂಕಿಗೆ ಹೋಗಿ ಸರೋಜಿನಿಯ ಎದುರು ಕೂತು, ಅವಳು ಕಂಪ್ಯೂಟರು ಮುಟ್ಟುವ ಮೊದಲೇ ಹೇಳಿದಳು.

"ಕಂತು ತಪ್ಪಿಸಿದವಳು ನಾನು ಮೇಡಂ, ನಮ್ಮ ಯಜಮಾನರಲ್ಲ. ಎಲ್ಲ ತೀರಿಸಿ ಬಂದಿದ್ದೇನೆ."

ಸರೋಜಿನಿಯು ಪತ್ರ ನೋಡಿ, ಗಿರಣಿಗೆ ತಾನೇ ಬಂದು ದುಡಿಮೆ ನೋಡಿ, ಮೇಲಿನವರಿಗೆ ಬರೆದಳು. ಬಡ್ಡಿ ತುಸು ಹೆಚ್ಚೇ ಬಿತ್ತು, ಆದರೂ ಸಾಲ ಮಂಜೂರಾಯಿತು. ಗಂಟು ದೊಡ್ಡದಿದ್ದಾಗ ಸಿಗದ್ದು ಗಂಟು ಕರಗಿದ ಮೇಲೆ ಸಿಕ್ಕಿತಲ್ಲ ಎಂದು ವರದಮ್ಮ ಸೋಜಿಗಪಟ್ಟಳು. ಶ್ರಾವಣದಲ್ಲಿ ತಮ್ಮದೇ ಆದ ಹೊಸ್ತಿಲಿಗೆ ಅರಿಸಿನ ಬಳಿಯುವಾಗ ಗಂಡಹೆಂಡಿರಿಬ್ಬರ ಕಣ್ಣೂ ತುಂಬಿ ಬಂತು.

ಈ ಕಥೆಯನ್ನು ಹೇಳಿದವರಿಗೂ ಕೇಳಿದವರಿಗೂ ನಡುವೆ ಹೂಂಗುಟ್ಟಿದವರಿಗೂ ಹಳೆಯ ಋಣ ಹರಿಯಲಿ, ಮುಚ್ಚಿದ ಬಾಗಿಲು ತೆರೆಯಲಿ, ಸ್ವಂತ ಸೂರು ದೊರೆಯಲಿ. ಈಗ ಯಾರ ಮನೆಯ ಪಾತ್ರೆಯೋ, ಕಾಸೋ ನಿಮ್ಮಲ್ಲಿ ಉಳಿದಿದ್ದರೆ ಎದ್ದು ಹೋಗಿ ಕೊಟ್ಟು ಬನ್ನಿ. ಶುಕ್ರವಾರವೆಂದು ಅಂಜಬೇಡಿ. ನೀವು ಬರುವವರೆಗೆ ನಾನು ಆರತಿ ಎತ್ತುವುದಿಲ್ಲ.