ಕೆಂಪಮ್ಮನ ಘಮ ಕಳೆದುಹೋಯ್ತು

ಹತ್ರ ಬನ್ನಿ, ಇನ್ನೂ ಹತ್ರ. ಕಿವಿ ಜೊತೆ ಮೂಗೂ ತೆರೆದಿಟ್ಕೊಳ್ಳಿ. ಇದು ಮೂಗಲ್ಲಿ ಕೇಳೋ ಕತೆ.

ಒಂದು ಪೇಟೆ. ಪೇಟೇಲಿ ಪುಟ್ಟ ಕಾಫಿಪುಡಿ ಅಂಗಡಿ. ಅಂಗಡೀಲಿ ಕೆಂಪಮ್ಮ. ಕೆಂಪಮ್ಮನ ಹತ್ರ ಬೀಜ ಹುರಿಯೋ ಡ್ರಮ್ಮು. ಡ್ರಮ್ಮು ಗರಗರ ತಿರುಗಿದ್ರೆ ಘಮ ಬೀದಿ ಕೊನೇವರೆಗೂ ಹೋಗ್ತಿತ್ತು. ಘಮ ಹಿಡ್ಕೊಂಡು ಗಿರಾಕಿ ಬರ್ತಿದ್ರು.

ಒಂದಿನ ಡ್ರಮ್ಮು ತಿರುಗ್ತು. ಗರಗರ ಅಂತು. ಘಮ ಬರಲೇ ಇಲ್ಲ! ಹುಲ್ಲು ಸುಟ್ಟ ವಾಸನೆ ಬಂತು. ಥೂ! ಗಿರಾಕಿ ಮೂಗು ಮುಚ್ಕೊಂಡು ಮುಂದೆ ಹೋದ್ರು.

ಕೆಂಪಮ್ಮ ಡ್ರಮ್ಮಿನ ಮುಂದೆ ಬಂದು ನಿಂತ್ಲು.

"ಡ್ರಮ್ಮೇ ಡ್ರಮ್ಮೇ, ನನ್ನ ಘಮ ಕೊಡು. ಘಮ ಇಲ್ಲ, ಗಿರಾಕಿ ಇಲ್ಲ. ಹೀಗೇ ಆದ್ರೆ ಅಂಗಡೀನೂ ಇಲ್ಲ!"

"ನಾ ಕೊಡಲ್ಲ. ಹಾಕಿದ್ದನ್ನ ತಿರುಗಿಸ್ತೀನಿ, ಅಷ್ಟೇ. ಬೀಜಾನ ಕೇಳು."

"ಬೀಜವೇ ಬೀಜವೇ, ನನ್ನ ಘಮ ಕೊಡು. ಡ್ರಮ್ಮು ಕೊಡಲ್ಲ. ಘಮ ಇಲ್ಲ, ಗಿರಾಕಿ ಇಲ್ಲ. ಹೀಗೇ ಆದ್ರೆ ಅಂಗಡೀನೂ ಇಲ್ಲ!"

"ನಾ ಕೊಡಲ್ಲ. ನಾನಿನ್ನೂ ಹಸಿರು ಕಾಯಿ. ಕೆಂಪು ಹಣ್ಣಾಗೋಕೆ ಬಿಡದೆ ಕಿತ್ರು. ತೋಟದಲ್ಲಿ ನನ್ನ ಕಿತ್ತ ದ್ಯಾವಮ್ಮನ್ನ ಕೇಳು."

ಕೆಂಪಮ್ಮ ಸೆರಗು ಸಿಕ್ಕಿಸ್ಕೊಂಡು ತೋಟಕ್ಕೆ ಓಡಿದ್ಲು.

"ದ್ಯಾವಮ್ಮಾ ದ್ಯಾವಮ್ಮಾ, ನನ್ನ ಘಮ ಕೊಡು. ಡ್ರಮ್ಮು ಕೊಡಲ್ಲ, ಬೀಜ ಕೊಡಲ್ಲ. ಘಮ ಇಲ್ಲ, ಗಿರಾಕಿ ಇಲ್ಲ. ಹೀಗೇ ಆದ್ರೆ ಅಂಗಡೀನೂ ಇಲ್ಲ!"

ದ್ಯಾವಮ್ಮ ಕೈ ನಿಲ್ಲಿಸ್ಲಿಲ್ಲ. ಸರಸರ ಕೀಳ್ತಾನೇ ಇದ್ಲು. ಬೆರಳೆಲ್ಲ ತರಚಿತ್ತು.

"ಎಲ್ಲಿಂದ ಕೊಡ್ಲಿ ಅಕ್ಕಾ? ತೋಟದ ಗೌಡ್ರು 'ಬೇಗ' ಅಂದ್ರು. ಕೆಂಪು ಹುಡುಕ್ತಾ ನಿಂತ್ರೆ ಬುಟ್ಟಿ ತುಂಬಲ್ಲ. ಬುಟ್ಟಿ ತುಂಬದಿದ್ರೆ ನನ್ನ ಒಲೆ ಹತ್ತಲ್ಲ. ಗೌಡ್ರನ್ನ ಕೇಳು."

"ಗೌಡ್ರೇ ಗೌಡ್ರೇ, ನನ್ನ ಘಮ ಕೊಡಿ. ಡ್ರಮ್ಮು ಕೊಡಲ್ಲ, ಬೀಜ ಕೊಡಲ್ಲ, ದ್ಯಾವಮ್ಮ ಕೊಡಲ್ಲ. ಘಮ ಇಲ್ಲ, ಗಿರಾಕಿ ಇಲ್ಲ. ಹೀಗೇ ಆದ್ರೆ ಅಂಗಡೀನೂ ಇಲ್ಲ!"

"ನಾನೇನ್ ಮಾಡ್ಲವ್ವಾ? ವ್ಯಾಪಾರಿ ರುದ್ರಪ್ಪ 'ಬೇಗ' ಅಂದ. ಹಣ್ಣಿಗೂ ಕಾಯಿಗೂ ಒಂದೇ ಬೆಲೆ ಅಂದ. ಅವನನ್ನ ಕೇಳು."

ಓಡಿದ್ಲು, ಓಡಿದ್ಲು. ಏದುಸಿರು ಬಂತು. ಕಣ್ಣಲ್ಲಿ ನೀರೂ ಬಂತು.

"ರುದ್ರಪ್ಪಾ ರುದ್ರಪ್ಪಾ, ನನ್ನ ಘಮ ಕೊಡು. ಡ್ರಮ್ಮು ಕೊಡಲ್ಲ, ಬೀಜ ಕೊಡಲ್ಲ, ದ್ಯಾವಮ್ಮ ಕೊಡಲ್ಲ, ಗೌಡ್ರು ಕೊಡಲ್ಲ. ಘಮ ಇಲ್ಲ, ಗಿರಾಕಿ ಇಲ್ಲ. ಹೀಗೇ ಆದ್ರೆ ಅಂಗಡೀನೂ ಇಲ್ಲ!"

"ನಂದೇನು ತಪ್ಪು? ಅಂಗಡಿಯವ್ರು 'ಬೇಗ' ಅಂದ್ರು."

"ಯಾವ ಅಂಗಡಿ? ತೋರ್ಸು! ಅವರ ಜುಟ್ಟು ಹಿಡಿದು ಕೇಳ್ತೀನಿ!"

ರುದ್ರಪ್ಪ ತಲೆ ಕೆರ್ಕೊಂಡ. "ನಿಮ್ದೇ ಕೆಂಪಕ್ಕ. 'ಕಾಯೋ ಹಣ್ಣೋ ನೋಡ್ಬೇಡ, ಅಗ್ಗಕ್ಕೆ ಸಿಕ್ಕಿದ್ದು ಬೇಗ ತಾ ಮಾರಾಯ' ಅಂದ್ರಲ್ಲ?"

ಕೆಂಪಮ್ಮ ಪೆಚ್ಚಾದ್ಲು. ಈಗ ಯಾರ ಜುಟ್ಟು ಹಿಡೀಬೇಕು, ಹೇಳಿ? ತನ್ನದೇ! ನಾಚಿಕೇಲಿ ಅವಳ ಮುಖ ಹೆಸರಿನ ಹಾಗೇ ಕೆಂಪಾಯ್ತು.

"ರುದ್ರಪ್ಪಾ, ಬೇಗ ಬೇಡಪ್ಪ. ಹಣ್ಣೇ ತಾ. ಹಣ್ಣಿಗೆ ಹಣ್ಣಿನ ಬೆಲೆ ಕೊಡ್ತೀನಿ," ಅಂದ್ಲು. ಅವನನ್ನೂ ಕರ್ಕೊಂಡು ಗೌಡ್ರ ಹತ್ರ ಹೋದ್ಲು.

"ಕಾಯಿ ಹಣ್ಣಾಗೋಕೆ ಕಾಯಬೇಕು ಕೆಂಪಮ್ಮಾ," ಅಂದ್ರು ಗೌಡ್ರು. "ಕಾಯ್ತೀಯಾ?"

"ಕಾಯ್ತೀನಿ. ಆದ್ರೆ ಆ ಬೆಲೇಲಿ ದ್ಯಾವಮ್ಮಂಗೆ ಕೂಲಿ ಹೆಚ್ಚು ಕೊಡಬೇಕು."

"ಆಗ್ಲಿ."

ಕೆಂಪಮ್ಮ ಕಾದ್ಲು. ಡ್ರಮ್ಮು ತಣ್ಣಗಾಯ್ತು. ಒಂದು ವಾರ ಆಯ್ತು. ಡ್ರಮ್ಮಲ್ಲಿ ಜೇಡ ಬಲೆ ಕಟ್ತು. ಎರಡು ವಾರ ಆಯ್ತು. ಗಿರಾಕಿ ಬೇರೆ ಅಂಗಡಿ ಕಡೆ ತಿರುಗಿದ್ರು. ಕೆಂಪಮ್ಮಂಗೆ ಭಯ ಆಯ್ತು. ಎದ್ದು ತೋಟಕ್ಕೆ ಹೋದ್ಲು. "ಬೇ..." ಅಂದ್ಲು. ಪಟ್ಟನೆ ಬಾಯಿ ಮುಚ್ಕೊಂಡ್ಲು! ಸುಮ್ನೆ ಮನೆಗೆ ಬಂದ್ಲು.

ಇನ್ನೂ ಕಾದ್ಲು. ಇನ್ನೂ, ಇನ್ನೂ ಕಾದ್ಲು.

ಆಮೇಲೆ ಏನಾಯ್ತು ಗೊತ್ತಾ?

ಕೆಂಪಮ್ಮ ಕಾದ್ಲು, ರುದ್ರಪ್ಪ ಅವಸರ ಮಾಡ್ಲಿಲ್ಲ. ರುದ್ರಪ್ಪ ಅವಸರ ಮಾಡ್ಲಿಲ್ಲ, ಗೌಡ್ರು 'ನಿಧಾನ' ಅಂದ್ರು. ಗೌಡ್ರು 'ನಿಧಾನ' ಅಂದ್ರು, ದ್ಯಾವಮ್ಮ ಕೆಂಪೇ ನೋಡಿ ನೋಡಿ ಕಿತ್ಲು. ದ್ಯಾವಮ್ಮ ಕೆಂಪೇ ಕಿತ್ಲು, ಬಲಿತ ಬೀಜ ಬಿಸಿಲಲ್ಲಿ ಒಣಗ್ತು. ಬೀಜ ಒಣಗ್ತು, ಡ್ರಮ್ಮು ತಿರುಗ್ತು. ಗರಗರ, ಗರಗರ, ಚಟಪಟ, ಚಟಪಟ...

ಘಮ್!

ಬೀದಿ ಕೊನೇವರೆಗೂ ಘಮ್! ಘಮ ಬಂತು, ಗಿರಾಕಿ ಬಂದ್ರು. ಗಿರಾಕಿ ಬಂದ್ರು, ಅಂಗಡಿ ಉಳೀತು!

ಮೊದಲನೇ ಲೋಟ ಯಾರಿಗೆ? ಗೌಡ್ರಿಗಲ್ಲ, ರುದ್ರಪ್ಪಂಗಲ್ಲ. ದ್ಯಾವಮ್ಮನ್ನ ಕರೆದು ಮಣೆ ಹಾಕಿ ಕೂರಿಸಿದ್ಲು ಕೆಂಪಮ್ಮ. ಅಷ್ಟು ವರ್ಷ ಹಣ್ಣು ಕಿತ್ತ ದ್ಯಾವಮ್ಮ ಆ ಅಂಗಡಿ ಕಾಫಿ ಕುಡಿದೇ ಇರ್ಲಿಲ್ಲ. ತರಚಿದ ಬೆರಳಲ್ಲಿ ಬಿಸಿ ಲೋಟ ಹಿಡಿದ್ಲು. ಊದಿದ್ಲು. ಒಂದು ಗುಟುಕು ಕುಡಿದ್ಲು.

"ಹೇಗಿದೆ? ಬೇಗ ಹೇ..." ಅಂದ್ಲು ಕೆಂಪಮ್ಮ. ನಾಲಿಗೆ ಕಚ್ಕೊಂಡು ಮಾತು ತಿದ್ಕೊಂಡ್ಲು.

"ನಿಧಾನವಾಗಿ ಕುಡಿಯವ್ವಾ. ನಾನು ಕಾಯ್ತೀನಿ."