ಕಂಬಳಿ ತಲುಪಿದ ಜಾಗ

"ಗುರುಗಳೇ, ಒಂದು ಲೈಬ್ರರಿಯ ಸಿ ಫಂಕ್ಷನ್‌ಗೆ ಉತ್ತರ ಬರೆದಿಡಲೆಂದು ನನ್ನ ಫಂಕ್ಷನ್ನಿನ ಸ್ಟ್ಯಾಕ್‌ನಲ್ಲಿದ್ದ ಜಾಗದ ವಿಳಾಸ ಕೊಟ್ಟೆ. ಒಮ್ಮೆ ಕೂಡಲೇ ಉತ್ತರ ಸರಿಯಾಗಿ ಬಂತು. ಇನ್ನೊಮ್ಮೆ, ನನ್ನ ಫಂಕ್ಷನ್ ಮುಗಿದ ಮೇಲೆ ನೋಡಿದರೆ, ಬರೀ ಕಸ. ಲೈಬ್ರರಿ ಕೆಟ್ಟಿದೆಯೇ?" ಎಂದು ಶಿಷ್ಯೆ ಕೇಳಿದಳು.

ಗುರು ಹೇಳಿದರು:

ಒಬ್ಬ ಕುರುಬನಿದ್ದ. ಮೇವು ಇರುವಷ್ಟು ದಿನ ಒಂದು ಹೊಲದಲ್ಲಿ ಕುರಿಹಟ್ಟಿ ಹಾಕುತ್ತಿದ್ದ. ಮುಗಿದರೆ ಕಿತ್ತುಕೊಂಡು ಹೋಗುತ್ತಿದ್ದ. ಅವನು ಬಿಟ್ಟ ಜಾಗದಲ್ಲಿ ಮತ್ತೊಬ್ಬ ಬಂದು ಇಳಿಯುತ್ತಿದ್ದ. ಒಮ್ಮೆ ಸಾಣೆ ಹಿಡಿಯುವವನು ಬಂದು, ಹಟ್ಟಿಯಲ್ಲೇ ಕೂತು ಉಣ್ಣೆಯ ಕತ್ತರಿ ಮಸೆದು, ಕೈಗೆ ಕೊಟ್ಟೇ ಹೋದ. ಅಷ್ಟಕ್ಕೆ ಹಟ್ಟಿ ಸಾಕಾಯಿತು.

ಅವನ ಹೆಂಡತಿ ಬಸುರಿ. ಹುಟ್ಟುವ ಕೂಸಿಗೆ ಕಂಬಳಿ ಬೇಕೆಂದು ನೇಕಾರನಿಗೆ ಉಣ್ಣೆ ಕೊಟ್ಟ.

"ನೇಯುವುದು ತಡವಾಗುತ್ತದೆ. ಎಲ್ಲಿಗೆ ತಂದಿಡಲಿ?"

"ಕೆರೆ ಕೆಳಗಿನ ಹೊಲದಲ್ಲಿ ನನ್ನ ಹಟ್ಟಿ. ಅಲ್ಲಿಗೆ ತಾ."

ಮೇವು ಮುಗಿಯಿತು. ಕುರುಬ ಹೊರಟುಹೋದ. ನೇಕಾರ ಮಾತು ತಪ್ಪಲಿಲ್ಲ. ಅದೇ ಹೊಲಕ್ಕೆ ಹೋಗಿ, ಅಲ್ಲಿದ್ದ ಹಟ್ಟಿಯಲ್ಲಿ ಕಂಬಳಿ ಇಟ್ಟು ಬಂದ. ಆ ಹಟ್ಟಿ ಬೇರೆಯವನದಾಗಿತ್ತು. ಮಾಗಿಯ ಚಳಿಯಲ್ಲಿ ಹುಟ್ಟಿದ ಕೂಸು ತಾಯಿಯ ಸೆರಗಿನೊಳಗೆ ನಡುಗಿತು.

ಕುರುಬ ಜಗಳಕ್ಕೆಂದೇ ನೇಕಾರನ ಮನೆಗೆ ಬಂದ. ನಡೆದದ್ದನ್ನು ಕೇಳಿ ತಲೆ ತಗ್ಗಿಸಿದ. "ನೀನು ಮಾತಿನಂತೆ ನಡೆದೆ. ನಿಲ್ಲದ ಜಾಗವನ್ನು ಹೇಳಿದವನು ನಾನು" ಎಂದ.

ಉಳಿದ ಉಣ್ಣೆಯನ್ನು ಇನ್ನೊಂದು ಕಂಬಳಿಗೆಂದು ಅವನಿಗೇ ಕೊಟ್ಟು, ಊರಗೌಡನ ಬಳಿ ಹೋಗಿ ಒಂದು ಕೋಣೆ ಬೇಡಿದ. "ಇನ್ನು ಬೇಡ ಎಂದು ನೀನೇ ಬಂದು ಹೇಳುವವರೆಗೆ ಇದು ನಿನ್ನದು" ಎಂದ ಗೌಡ. ಕಂಬಳಿಯನ್ನು ಅಲ್ಲಿಡು ಎಂದು ನೇಕಾರನಿಗೆ ಹೇಳಿ ಕುರುಬ ಊರೂರು ಅಲೆದ. ಕೋಣೆ ಇದ್ದಲ್ಲೇ ಇತ್ತು. ಮರಳಿ ಬಂದಾಗ ಕಂಬಳಿ ಅದರೊಳಗಿತ್ತು. ಕೂಸಿಗೆ ಹೊದಿಸಿ ಸಂತೋಷದಿಂದ ಹೊರಟರು.

ಬಹಳ ದೂರ ಹೋದ ಮೇಲೆ ಕುರುಬ ತಟ್ಟನೆ ನಿಂತ. ಕೋಣೆ ಇನ್ನು ಬೇಡ ಎಂದು ಗೌಡನಿಗೆ ಹೇಳಿರಲಿಲ್ಲ.

"ಕಂಬಳಿ ಸಿಕ್ಕಿತಲ್ಲ, ಮತ್ತೇಕೆ ಅಷ್ಟು ದೂರ?" ಎಂದಳು ಹೆಂಡತಿ.

"ನಾನು ಹೇಳದಿದ್ದರೆ ಆ ಕೋಣೆ ಇನ್ನು ಯಾರಿಗೂ ಸಿಗುವುದಿಲ್ಲ" ಎಂದು ಬಿಸಿಲಿನಲ್ಲೇ ಹಿಂದಕ್ಕೆ ನಡೆದ. ಮೊದಲು ತಪ್ಪನ್ನು ಒಪ್ಪಿದ್ದು ದೊಡ್ಡದು. ಹೀಗೆ ನಡೆದದ್ದು ಅದಕ್ಕಿಂತ ದೊಡ್ಡದು.

ಶಿಷ್ಯೆಯ ಮುಖ ಅರಳಿತು. "ತಿಳಿಯಿತು ಗುರುಗಳೇ. ನನ್ನ ಫಂಕ್ಷನ್ ಮುಗಿದ ಮೇಲೂ ಕೆಲಸ ಮಾಡುವ ಲೈಬ್ರರಿಗೆ ಇನ್ನು ಹೀಪ್‌ನಲ್ಲಿ ಕೇಳಿ ಪಡೆದ ಜಾಗವನ್ನೇ ಕೊಡುತ್ತೇನೆ."

ಗುರು ಕೇಳಿದರು: "ಕೊಡು. ಆದರೆ ನಿನ್ನ ಪ್ರೋಗ್ರಾಮಿನಲ್ಲಿ ಬಿಸಿಲಲ್ಲಿ ಹಿಂದಕ್ಕೆ ನಡೆಯುವವರು ಯಾರು?"

ಶಿಷ್ಯೆ ತನ್ನ ಪ್ರೋಗ್ರಾಮನ್ನು ತೆರೆದು, ಪಡೆದ ಜಾಗವನ್ನು ಹಿಂದಿರುಗಿಸುವ ಸಾಲನ್ನು ಹುಡುಕತೊಡಗಿದಳು.