ಉಪ್ಪಿನಾಗರದ ನೇರಳೆ ಕಲ್ಲು

ಮಗ್ಗುಲಿಗೆ ಬಾ ಪುಟ್ಟಿ, ಕಾಲು ಹೊದಿಕೆಯೊಳಗೆ ಎಳ್ಕೋ. ನಡುನಡುವೆ ಹ್ಞೂಂ ಅನ್ನಬೇಕು, ಅನ್ನದೆ ಇದ್ರೆ ನಾನೂ ಅಲ್ಲಿಗೇ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಸಮುದ್ರದ ನೀರನ್ನ ಗದ್ದೆಗೆ ಬಿಟ್ಟು ಒಣಗಿಸಿ ಉಪ್ಪು ಮಾಡೋ ಊರೊಂದಿತ್ತಂತೆ. ಆ ಉಪ್ಪಿನ ಗದ್ದೆಗೆ ಆಗರ ಅಂತಾರೆ. ಅಲ್ಲಿ ಬೀರಮ್ಮ ಅಂತ ಒಬ್ಬಳು, ಗಂಡ ತೀರ್ಕೊಂಡ ಮೇಲೆ ಮೂರು ಗಂಡುಮಕ್ಕಳನ್ನ ಆಗರದಲ್ಲೇ ದುಡಿದು ಸಾಕಿದೋಳು. ಬಾಯಿ ಅಂದ್ರೆ ಬಾಯಿ! ಅವಳು ಬಂದ್ಲು ಅಂದ್ರೆ ಕಾಗೆ ಕೂಡ ಚಪ್ಪರ ಬಿಟ್ಟು ಹಾರ್ತಿತ್ತಂತೆ.

ಅವಳ ಮನೇಲಿ ಒಂದು ಕಲ್ಲಿತ್ತಂತೆ, ಯಾವ ಕಾಲದಲ್ಲೋ ಘಟ್ಟದ ಮೇಲಿನೋರು ಉಪ್ಪು ಒಯ್ದು ಬದಲಿಗೆ ಕೊಟ್ಟಿದ್ದು. ಬಣ್ಣ ಹೇಗಿತ್ತು ಅಂತೀಯಾ? ನೇರಳೆ ಹಣ್ಣು ತಿಂದು ನಾಲಿಗೆ ಚಾಚ್ತೀಯಲ್ಲ, ಹಾಗೆ. ಅಂಥದ್ದು ಸೀಮೇಲೇ ಇನ್ನೊಂದಿರ್ಲಿಲ್ಲ. ಅದರ ಹೊಟ್ಟೇಲೂ ಒಂಚೂರು ಉಪ್ಪಿದೆ ಅಂತ ಹಳಬರು ಹೇಳ್ತಿದ್ರಂತೆ. ಅದನ್ನ ಕತ್ತಲೆ ಕೋಣೇಲಿ ಹಲಸಿನ ಮರದ ಪೆಟ್ಟಿಗೆಯೊಳಗೆ ಇಟ್ಟಿರೋರು, ಮನೆಗೆ ಸೊಸೆ ಬಂದಾಗ ಮಾತ್ರ ಹೊರಗೆ ತೆಗೆಯೋರು. ಹೊಸ ಸೊಸೆ ಕೊರಳಿಗೆ ಕಟ್ಟಿ, ಆಗರಕ್ಕೆ ಕರ್ಕೊಂಡು ಹೋಗಿ, ಹೊತ್ತು ಮುಳುಗೋವರೆಗೆ ಅವಳ ಕೈಲಿ ಉಪ್ಪು ಎಳೆಸಿ ಗುಡ್ಡೆ ಹಾಕಿಸೋರು. ಕಲ್ಲು ಬಣ್ಣ ಉಳಿಸ್ಕೊಂಡ್ರೆ ಸೊಸೆ ಮನಸ್ಸು ಈ ಮನೇಲಿದೆ, ಬಣ್ಣ ಬಿಟ್ರೆ ತವರಲ್ಲೇ ಉಳಿದಿದೆ ಅಂತ ಅವರ ನಂಬಿಕೆ. ಬಣ್ಣ ಬಿಡಿಸಿದೋಳಿಗೆ ಒಲೆ ಮುಂದೆ ಜಾಗ ಇಲ್ಲ, ಅವಳು ಬಡಿಸಿದ್ದನ್ನ ಅತ್ತೆ ಉಣ್ಣೋಳಲ್ಲ.

ದೊಡ್ಡ ಸೊಸೆ ಬಂದ್ಲು, ಕಲ್ಲು ಕಟ್ಟಿದ್ರು, ಸಂಜೆಗೆ ನೋಡಿದ್ರೆ ಗಂಜಿ ತಿಳಿ ಥರ ಬೆಳ್ಳಗೆ. ಆಮೇಲೆ ನಡುವಿನೋಳು ಬಂದ್ಲು, ಅವಳದ್ದೂ ಅದೇ ಪಾಡು. ಪಾಪ, ಇಬ್ಬರೂ ಸೌದೆ ಒಟ್ಟಿದ್ರು, ನೀರು ಹೊತ್ರು, ಸೌಟು ಮಾತ್ರ ಮುಟ್ಟೋ ಹಾಗಿರ್ಲಿಲ್ಲ. ತಮಾಷೆ ನೋಡು, ವಾಪಸ್ ಪೆಟ್ಟಿಗೆಗೆ ಹಾಕಿಟ್ಟ ಕಲ್ಲು ಮುಂದಿನ ಮದುವೆ ಹೊತ್ತಿಗೆ ಮತ್ತೆ ನೇರಳೆಯಾಗಿರ್ತಿತ್ತು. ನೋಡಿ, ನಮ್ಮನೆ ಪೆಟ್ಟಿಗೇಲಿ ಸುಖವಾಗಿರತ್ತೆ, ಇವರ ಕೊರಳು ಕಂಡ್ರೆ ಆಗಲ್ಲ ಅಂತ ಬೀರಮ್ಮ ಊರೆಲ್ಲ ಸಾರಿಕೊಂಡು ಬಂದ್ಲಂತೆ.

ಆಮೇಲೆ ಕಿರಿಮಗ ಹಮ್ಮಣ್ಣನ್ನ ಮದುವೆಯಾಗಿ ಲಚ್ಚಿ ಬಂದ್ಲು. ಬೀರಮ್ಮ ಮೊದಲೇ ಹೇಳಿಬಿಟ್ಲು, ಈ ಸಲಾನೂ ಬಣ್ಣ ಹೋದ್ರೆ, ಆಷಾಢಕ್ಕೆ ತವರಿಗೆ ಹೋದೋಳನ್ನ ನಾನು ವಾಪಸ್ ಕರೆಸೋಳಲ್ಲ ಅಂತ. ಲಚ್ಚಿಗೋ ಹಮ್ಮಣ್ಣ ಅಂದ್ರೆ ಪ್ರಾಣ, ಆ ಉಪ್ಪುಗಾಳಿ ಮನೇನೂ ಬಂದ ದಿನವೇ ಹಿಡಿಸಿತ್ತು. ಆದ್ರೂ ಸಂಜೆಗೆ ಕಲ್ಲು ಬೆಳ್ಳಗಾಗೇ ಹೋಯ್ತು. ಅವಳು ಅಂಟುವಾಳದ ನೊರೇಲಿ ತಿಕ್ಕಿದ್ಲು, ಬಣ್ಣ ಬರ್ಲಿಲ್ಲ. ಕೊಬ್ಬರಿ ಎಣ್ಣೆ ಸವರಿದ್ಲು, ಬರ್ಲಿಲ್ಲ. ನಾಗನ ಕಟ್ಟೆಗೆ ಹರಕೆ ಹೊತ್ಲು, ಊಹೂಂ.

ಆ ಕಲ್ಲಿಗೆ ತೂತು ಕೊರೆದ್ರೆ ಒಡೆಯತ್ತೆ ಅಂತ ದಪ್ಪ ದಾರ ಅಡ್ಡಡ್ಡ ಸುತ್ತಿ ಕಟ್ಟಿರೋರು. ಲಚ್ಚಿ ಅಳ್ತಾ ಅಳ್ತಾ ಆ ದಾರ ಬಿಚ್ಚಿದ್ಲು. ನೋಡ್ತಾಳೆ, ದಾರ ಇದ್ದ ಕಡೆಯೆಲ್ಲ ನೇರಳೆ ಗೆರೆ ಹಾಗೇ ಉಳಿದಿದೆ! ಇದೇನಪ್ಪಾ ಅಂತ ಕಣ್ಣೊರೆಸೋಕೆ ಕೈ ಎತ್ತಿದ್ಲು, ಬಳೆ ಜಾರ್ತು. ಬಳೆ ಕೆಳಗಿನ ಚರ್ಮ ಬೆಳ್ಳಗೆ, ಮಿಕ್ಕ ಕೈಯೆಲ್ಲ ಬಿಸಿಲಿಗೆ ಕಪ್ಪು. ಅಯ್ಯೋ ಶಿವನೇ, ನನ್ನನ್ನ ಕಪ್ಪು ಮಾಡಿದ್ದೂ ಬಿಸಿಲೇ, ನಿನ್ನನ್ನ ಬಿಳಿ ಮಾಡಿದ್ದೂ ಬಿಸಿಲೇನಾ ಅಂತ ಕಲ್ಲನ್ನೇ ಕೇಳಿದ್ಲಂತೆ.

ಲಚ್ಚಿ ಅವಸರ ಮಾಡಲಿಲ್ಲ. ಕಲ್ಲು ಪೆಟ್ಟಿಗೆ ಸೇರ್ತು, ಕತ್ತಲಲ್ಲಿ ನಿಧಾನಕ್ಕೆ ಬಣ್ಣ ಕಟ್ತು. ಮಳೆ ಬೀಳೋಕೆ ಮುಂಚೆ ಆಗರದ ಕೊನೇ ಉಪ್ಪು ಎಳೆಯೋ ದಿನ ಬಂತು ನೋಡು, ಆಗ ಇಬ್ಬರು ವಾರಗಿತ್ತಿ ಅಕ್ಕಂದಿರ ಎದುರಿಗೇ ಅತ್ತೆ ಹತ್ರ ಹೋಗಿ, ಅತ್ತೆ, ನಿಮ್ಮ ಮನಸ್ಸು ಈ ಮನೇಲಿದೆ ಅನ್ನೋದು ಊರಿಗೇ ಗೊತ್ತು, ಇವತ್ತು ಕಲ್ಲನ್ನ ನೀವು ಕಟ್ಕೊಳ್ಳಿ, ಬಣ್ಣ ನಿಂತ್ರೆ ನಾನಾಗೇ ಗಂಟುಮೂಟೆ ಕಟ್ತೀನಿ ಅಂದ್ಲಂತೆ. ಮಾತಿಗೆ ಮಾತು ಕೊಡೋ ಬೀರಮ್ಮನ ಮುಖ ಸಪ್ಪಗಾಯ್ತು. ಬೇಡ ಅಂದ್ರೆ ಸೊಸೆಯರು ಏನಂದ್ಕೋತಾರೆ? ಕೊರಳೊಡ್ಡಿದ್ಲು. ಲಚ್ಚಿ ಕಲ್ಲಿನ ಅರ್ಧ ಭಾಗಕ್ಕೆ ಒಣ ಬಾಳೆಪಟ್ಟೆ ಸುತ್ತಿ ಕಟ್ಟಿದ್ಲು.

ಎಲ್ಲರೂ ಬಿಸಿಲಲ್ಲಿ ಉಪ್ಪು ಎಳೆದ್ರು, ಗಂಜಿ ಹೊತ್ತಿಗೆ ಲಚ್ಚಿ ಪಟ್ಟೆ ಬಿಚ್ಚಿ ತೋರಿಸಿದ್ಲು. ಕಲ್ಲು ಅರ್ಧ ಬಿಳಿ, ಅರ್ಧ ನೇರಳೆ. ಒಂದೇ ಕೊರಳು ಅತ್ತೆ, ಒಂದೇ ಮನಸ್ಸು, ಬಿಸಿಲು ಬಿದ್ದ ಕಡೆ ಬಣ್ಣ ಹೋಗಿದೆ, ನೆರಳಿದ್ದ ಕಡೆ ಉಳಿದಿದೆ ಅಷ್ಟೆ ಅಂದ್ಲು.

ಬೀರಮ್ಮ ಬೈದ್ಲಾ ಅಂತ ಕೇಳ್ತೀಯಾ? ಇಲ್ಲ ಕೂಸೆ. ಆಗರದ ಬದು ಮೇಲೆ ಕುಸಿದು ಕೂತು, ಹಾಗಾದ್ರೆ ನಂದೂ ತಪ್ಪಿರ್ಲಿಲ್ವೇನೇ ಅಂದ್ಲಂತೆ. ಅವಳು ಸೊಸೆಯಾಗಿ ಬಂದಾಗಲೂ ಕಲ್ಲು ಬೆಳ್ಳಗಾಗಿತ್ತಂತೆ. ಅವಳ ಅತ್ತೆ ಸಾಯೋ ತನಕ ಅವಳ ಕೈಯಿಂದ ಒಂದು ಗುಟುಕು ನೀರೂ ಕುಡೀಲಿಲ್ಲವಂತೆ. ನನ್ನ ಮನಸ್ಸಲ್ಲೇ ಏನೋ ಐಬಿದೆ ಅಂತ ನಂಬ್ಕೊಂಡು, ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಡೋಕೇ ಅಷ್ಟು ಜೋರು ಮಾಡ್ತಿದ್ಲು, ಪಾಪ. ಲಚ್ಚಿ ಸೆರಗಲ್ಲಿ ಅವಳ ಮುಖ ಒರೆಸಿ, ಇಲ್ಲ ಅತ್ತೆ, ನಿಮ್ಮದೂ ಇರ್ಲಿಲ್ಲ, ಅಕ್ಕಂದಿರದ್ದೂ ಇರ್ಲಿಲ್ಲ ಅಂದ್ಲಂತೆ.

ಅವತ್ತು ಮನೆಗೆ ಬಂದವಳೇ ಬೀರಮ್ಮ ದೊಡ್ಡ ಸೊಸೆ ಕೈಗೆ ಸೌಟು ಕೊಟ್ಟು, ಎಲೆ ಮುಂದೆ ಕೂತು, ಬಡಿಸ್ರೇ, ಹಸಿವಾಗಿದೆ ಅಂದ್ಲಂತೆ. ದೊಡ್ಡೋಳು ಅವಸರದಲ್ಲಿ ಸಾರು ಚೆಲ್ಲಿದ್ಲು, ಆದ್ರೂ ಅತ್ತೆ ಬೈಲಿಲ್ಲ. ಆಷಾಢಕ್ಕೆ ತವರಿಗೆ ಹೋದ ಲಚ್ಚಿನ್ನ, ತಿಂಗಳು ತುಂಬೋಕೂ ಬಿಡದೆ ತಾನೇ ದೋಣಿ ಹತ್ತಿ ಹೋಗಿ ಕರ್ಕೊಂಡು ಬಂದ್ಲಂತೆ. ಆಮೇಲಿಂದ ಆ ಮನೇಲಿ ಹೊಸ ಸೊಸೇನ ಚಪ್ಪರದ ನೆರಳಲ್ಲಿ ಕೂರಿಸಿ, ಕಲ್ಲನ್ನ ಸೆರಗಿನೊಳಗೇ ಕಟ್ತಾರಂತೆ.

ಅಲ್ಲಿಗೆ ಅವರ ಕಣ್ಣೀರೂ ಮುಗೀತು, ನನ್ನ ಕತೇನೂ ಮುಗೀತು. ನೀನೂ ಇಡೀ ದಿನ ಬಿಸಿಲಲ್ಲಿ ಕುಣಿದು ಬಣ್ಣಗೆಟ್ಟು ಬಂದಿದೀಯ. ದೀಪ ಆರಿಸ್ತೀನಿ, ಕಣ್ಣು ಮುಚ್ಕೋ. ಬೆಳಗ್ಗೆ ಹೊತ್ತಿಗೆ ನಿನ್ನ ಬಣ್ಣಾನೂ ವಾಪಸ್ ಬಂದಿರತ್ತೆ.